ಯಶೋದೆಯ ಮಡಿಲಿಗೆ ಎಷ್ಟು ಕ್ಯಾರೆಟ್?

ಹೊನ್ನಾಳಿಯಲ್ಲಿ ನಮ್ಮ ಚಿಕ್ಕಪ್ಪನ ಹೊಸ ಮನೆಯ ಗೃಹಪ್ರವೇಶಕ್ಕೆ ಇನ್ನು ಹದಿನೈದು ದಿನ ಇತ್ತು. ಬೆಂಗಳೂರಲ್ಲಿ ಕೆಲಸ ಮಾಡುವ ಅವರ ಮಗಳು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು. ಯಶೋದೆ ಕೂತಿದ್ದಾಳೆ, ಮಡಿಲಲ್ಲಿ ಗುಂಡುಗುಂಡಾದ ಕೃಷ್ಣ, ಕೈಯಲ್ಲಿ ಬೆಣ್ಣೆ. ಸುತ್ತ ಮಂಟಪ, ಕಂಬ, ಪರದೆ, ಎಲ್ಲವೂ ಝಗಝಗ. ಕೆಳಗೆ ಅವಳ ಪ್ರಶ್ನೆ: ‘ಅಕ್ಕಾ, 22 ಕ್ಯಾರೆಟ್ ಅಂತ ಸರ್ಟಿಫಿಕೇಟ್ ಕೊಡ್ತಾರಂತೆ. ಇದರಲ್ಲಿ ಎಷ್ಟು ಗ್ರಾಂ ಇರಬಹುದು? ಮುಂದೆ ಮಾರಿದ್ರೆ ಚಿನ್ನದ ರೇಟು ಸಿಗುತ್ತಾ?’

ನಗಬೇಡಿ. ಇದು ಬಹಳ ಜನರ ಮನಸ್ಸಿನಲ್ಲಿರುವ ಪ್ರಶ್ನೆ; ಅವಳು ಬಾಯಿಬಿಟ್ಟು ಕೇಳಿದಳು, ಅಷ್ಟೆ. ದಿನಾ ಬೆಳಗಾದರೆ ಮೊಬೈಲಲ್ಲಿ ಚಿನ್ನದ ದರ ನೋಡುವ ಕಾಲ ಇದು. ಗೋಡೆ ಮೇಲಿನ ಚಿನ್ನವನ್ನೂ ಗ್ರಾಂ ಲೆಕ್ಕದಲ್ಲಿ ನೋಡೋದು ಸಹಜವೇ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಚಿನ್ನ ಎಷ್ಟು ಮೆದು ಲೋಹ ಅಂದರೆ, ಒಂದೇ ಒಂದು ಗ್ರಾಮನ್ನು ಬಡಿದು ಬಡಿದು ರೇಕು ಮಾಡಿದರೆ ಅರ್ಧ ಚದರ ಮೀಟರಿನಷ್ಟು ಹರಡುತ್ತದೆ. ಆ ರೇಕು ನಮ್ಮ ತಲೆಗೂದಲಿನ ದಪ್ಪದ ನೂರನೇ ಒಂದು ಪಾಲಿಗಿಂತಲೂ ತೆಳು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಹದಿನೈದು ಇಂಚು ಉದ್ದ, ಹನ್ನೆರಡು ಇಂಚು ಅಗಲದ ಒಂದು ಚಿತ್ರ ತಗೊಳ್ಳಿ. ಅದರಲ್ಲಿ ಮೂರನೇ ಒಂದು ಭಾಗ ಚಿನ್ನ ಹೊದ್ದಿದೆ ಅಂತಿಟ್ಟುಕೊಂಡರೂ ಈ ಲೆಕ್ಕದಲ್ಲಿ ಗ್ರಾಮಿನ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಸ್ವಲ್ಪ ದಪ್ಪ ರೇಕು ಬಳಸಿದ್ದರೂ ಲೆಕ್ಕ ಅಂಥಾ ಬದಲಾಗೋದಿಲ್ಲ. ಅದೂ ಗೋಂದು, ಪುಡಿ, ಬಣ್ಣದ ಜೊತೆ ಒಂದಾಗಿ ಕೂತಿರುವ ಚಿನ್ನ. ಯಾವ ಅಕ್ಕಸಾಲಿಗನೂ ಅದನ್ನು ಕೆರೆದು ತೂಕಕ್ಕೆ ಹಾಕುವುದಿಲ್ಲ.

ಹಾಗಾದರೆ ಅಷ್ಟು ದುಡ್ಡು ಯಾವುದಕ್ಕೆ?

ಕೈಗೆ. ಕೆಲವು ವಾರ ಬಗ್ಗಿ ಕೂತ ಒಬ್ಬರ ಬೆನ್ನಿಗೆ, ಕಣ್ಣಿಗೆ. ಇಷ್ಟು ಗೊತ್ತಿದ್ದರೆ ಅಂಗಡಿಯಲ್ಲಿ ನೀವು ಕೇಳುವ ಪ್ರಶ್ನೆಗಳೇ ಬೇರೆ ಆಗುತ್ತವೆ.

ಅಕ್ಕ ತಂಗಿ

ನಮ್ಮ ಕಡೆ ಇಂಥ ಚಿತ್ರಗಳಿಗೆಲ್ಲ ಒಂದೇ ಹೆಸರು: ‘ತಂಜಾವೂರು ಪೇಂಟಿಂಗ್’. ಚಿನ್ನದ ಹೊಳಪು ಕಂಡರೆ ಸಾಕು, ತಂಜಾವೂರು. ನಮ್ಮದೇ ಮೈಸೂರು ಶೈಲಿ ಅಂತ ಒಂದಿದೆ, ಅದಕ್ಕೆ 2005ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ ಅನ್ನೋದು ದಾವಣಗೆರೆ ಜಿಲ್ಲೆಯ ಎಷ್ಟೋ ವಿದ್ಯಾವಂತರಿಗೇ ಗೊತ್ತಿಲ್ಲ. ಒಂದೆರಡು ವರ್ಷ ಕಳೆದು ತಂಜಾವೂರಿಗೂ ಆ ಟ್ಯಾಗ್ ಬಂತು.

ಎರಡೂ ಒಂದೇ ತವರಿನ ಹೆಣ್ಣುಮಕ್ಕಳು. ತವರು ವಿಜಯನಗರ. 1565ರ ಯುದ್ಧದಲ್ಲಿ ವಿಜಯನಗರ ಬಿದ್ದಾಗ ಅಲ್ಲಿನ ಚಿತ್ರಗಾರರು ಹೊಟ್ಟೆಪಾಡಿಗೆ ಚದುರಿದರು. ಒಂದಷ್ಟು ಮನೆತನಗಳಿಗೆ ಶ್ರೀರಂಗಪಟ್ಟಣ, ಮೈಸೂರು ಕಡೆ ಒಡೆಯರ ಆಶ್ರಯ ಸಿಕ್ಕಿತು. ದಕ್ಷಿಣಕ್ಕೆ ಹೋದವರಿಗೆ ತಂಜಾವೂರಿನಲ್ಲಿ ಮೊದಲು ನಾಯಕರು, ಆಮೇಲೆ ಮರಾಠ ಅರಸರು ಆಶ್ರಯ ಕೊಟ್ಟರು. ತಂಜಾವೂರಿನ ಶೈಲಿ ನಾವು ಇವತ್ತು ನೋಡುವ ರೂಪಕ್ಕೆ ಬಂದದ್ದು ಹೆಚ್ಚಾಗಿ ಎರಡನೇ ಸರ್ಫೋಜಿಯ ಕಾಲದಲ್ಲಿ, ಅಂದರೆ 1798ರಿಂದ 1832ರವರೆಗೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನದಲ್ಲಿದ್ದರು. ರಾಜ್ಯದ ಆಡಳಿತ 1831ರಲ್ಲಿ ಬ್ರಿಟಿಷರ ಕೈಗೆ ಹೋಯಿತು. ಆಮೇಲೂ ಅವರು ಕಲಾವಿದರ ಕೈಬಿಡಲಿಲ್ಲ. ಅವರ ಆಶ್ರಯದಲ್ಲಿ ತಯಾರಾದ ‘ಶ್ರೀತತ್ವನಿಧಿ’ ಒಂಬತ್ತು ನಿಧಿಗಳ ದೊಡ್ಡ ಗ್ರಂಥ. ಯಾವ ದೇವರಿಗೆ ಎಷ್ಟು ಕೈ, ಯಾವ ಬಣ್ಣ, ಯಾವ ವಾಹನ ಎನ್ನುವುದನ್ನೆಲ್ಲ ಚಿತ್ರ ಸಮೇತ ಹೇಳುತ್ತದೆ. ಚಿತ್ರಗಾರರಿಗೆ ಅದೊಂದು ಕೈಪಿಡಿ ಇದ್ದ ಹಾಗೆ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಗೆ ಹೋದರೆ ಆ ಕಾಲದ ಕೆಲಸ ಈಗಲೂ ನೋಡಬಹುದು. ಮೈಸೂರು ಟ್ರಿಪ್ ಅಂದರೆ ಅರಮನೆ, ಜೂ, ಚಾಮುಂಡಿ ಬೆಟ್ಟ ಮುಗಿಸಿ ಬಸ್ ಹತ್ತುವವರೇ ಜಾಸ್ತಿ. ಮುಂದಿನ ಸಲ ಒಂದು ಗಂಟೆ ಇದಕ್ಕೆ ಎತ್ತಿಡಿ.

ಅಕ್ಕ ತಂಗಿಯರ ಗುಣ ಮಾತ್ರ ಬೇರೆ ಬೇರೆ. ತಂಜಾವೂರು ಚಿತ್ರವನ್ನು ತಮಿಳಿನಲ್ಲಿ ‘ಪಲಗೈ ಪಡಂ’ ಅಂತಾರೆ, ಹಲಗೆ ಚಿತ್ರ. ಹಿಂದೆ ಹಲಸಿನ ಹಲಗೆ, ಈಗ ಪ್ಲೈವುಡ್. ಅದರ ಮೇಲೆ ಬಟ್ಟೆ ಅಂಟಿಸಿ, ಸೀಮೆಸುಣ್ಣದಂಥ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯುತ್ತಾರೆ. ಒಡವೆ, ಕಂಬ, ಕಮಾನು ಇರುವ ಕಡೆ ಅದೇ ಪೇಸ್ಟನ್ನು ದಪ್ಪಗೆ ಎತ್ತರಿಸುತ್ತಾರೆ, ಗಾಜಿನ ಕಲ್ಲು ಕೂರಿಸುತ್ತಾರೆ, ಮೇಲೆ ಚಿನ್ನದ ರೇಕು ಹೊದಿಸಿ ಅದುಮುತ್ತಾರೆ. ಬಣ್ಣ ಬರೋದು ಅದಾದ ಮೇಲೆ. ದೂರದಿಂದಲೇ ‘ನಾನಿಲ್ಲಿದ್ದೀನಿ’ ಅನ್ನುವ ಚಿತ್ರ ಅದು. ಮದುವೆ ಮನೆಗೆ ಮೈತುಂಬ ಒಡವೆ ಹಾಕಿ ಬಂದ ಸೋದರತ್ತೆ ಥರ.

ಮೈಸೂರಿನವಳು ಮಾತು ಕಡಿಮೆ. ತಳ ಸಾಮಾನ್ಯವಾಗಿ ಕಾಗದ, ಅದನ್ನು ಬೋರ್ಡಿಗೆ ಅಂಟಿಸಿರುತ್ತಾರೆ. ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ಕರಡು ಬಿಡಿಸುವುದು ಹಳೇ ಪದ್ಧತಿ. ಗೆಸ್ಸೋ ಕೆಲಸಕ್ಕೆ ಇಲ್ಲಿ ‘ಮಕ್ಕಿ ಸಫೇದ’ ಅಂತಾರೆ. ಮಕ್ಕಿ ಅನ್ನೋದು ಹಳದಿ ಬಣ್ಣದ ಒಂದು ಅಂಟು, ಸಫೇದ ಅಂದರೆ ಬಿಳಿ ಪುಡಿ. ಎರಡನ್ನೂ ಗೋಂದಿನ ಜೊತೆ ಅರೆದು, ಸಣ್ಣ ಬ್ರಷ್ಷಿನ ತುದಿಯಲ್ಲಿ ಹನಿಹನಿಯಾಗಿ ಇಟ್ಟು, ಒಣಗಿದ ಮೇಲೆ ಮತ್ತೆ ಅದರ ಮೇಲೇ ಇಟ್ಟು, ಸರದ ಒಂದೊಂದು ಗುಂಡನ್ನೂ ಎಬ್ಬಿಸುತ್ತಾರೆ. ಎತ್ತರ ಅಂದರೆ ಬೆರಳು ಸವರಿದರೆ ತಿಳಿಯುವಷ್ಟು ಮಾತ್ರ. (ಸವರಬೇಡಿ. ಮಾತಿಗೆ ಹೇಳಿದೆ.) ಅದರ ಮೇಲೆ ರೇಕು. ತಳ ಹಳದಿ ಇರೋದರಿಂದ ರೇಕು ಎಲ್ಲಾದರೂ ಒಂದು ಚೂರು ಬಿಟ್ಟರೂ ಕಣ್ಣಿಗೆ ಹೊಡೆಯುವುದಿಲ್ಲ. ಕೊನೆಗೆ ಚಿತ್ರದ ಮೇಲೆ ತೆಳು ಕಾಗದ ಹಾಸಿ ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ಆಗ ಚಿನ್ನಕ್ಕೂ ಬಣ್ಣಕ್ಕೂ ಒಂದೇ ಥರದ ಮಂದ ಹೊಳಪು ಬರುತ್ತದೆ. ಇಲ್ಲಿ ಕಲ್ಲು ಕೂರಿಸುವ ಆರ್ಭಟ ಇಲ್ಲ. ಡಾಬು, ವಂಕಿ, ಬುಗುಡಿ, ಕಾಲಂದಿಗೆ ಒಂದೊಂದನ್ನೂ ಹತ್ತಿರ ಹೋಗಿ ನೋಡಬೇಕು.

ನನ್ನನ್ನು ಕೇಳಿದರೆ, ಫ್ಲ್ಯಾಟಿನ ಎಲ್‌ಇಡಿ ಬೆಳಕಿಗೆ ಮೈಸೂರೇ ವಾಸಿ. ತಂಜಾವೂರಿನ ದಪ್ಪ ಚಿನ್ನಕ್ಕೆ ದೇವರಮನೆಯ ಎಣ್ಣೆ ದೀಪದ ಬೆಳಕು ಚೆಂದ; ಬಿಳಿ ಟ್ಯೂಬ್‌ಲೈಟ್ ಕೆಳಗೆ ಅದು ಸ್ವಲ್ಪ ಗದ್ದಲ ಅನ್ನಿಸುತ್ತದೆ. ಇದು ನನ್ನ ರುಚಿ, ನಿಮ್ಮದು ಬೇರೆ ಇರಬಹುದು.

ಚಿನ್ನ ಎಲ್ಲೆಲ್ಲಿದೆ ಅಂತ ಒಮ್ಮೆ ಗಮನಿಸಿ. ಒಡವೆಯಲ್ಲಿದೆ, ಸೀರೆಯ ಜರಿಯಲ್ಲಿದೆ, ಪ್ರಭಾವಳಿಯಲ್ಲಿದೆ, ಕಂಬದಲ್ಲಿದೆ. ಅಮ್ಮನ ಮುಖದ ಮೇಲೆ ಇಲ್ಲ, ಮಗುವಿನ ಮೈಮೇಲೂ ಇಲ್ಲ. ಅವೆರಡು ಬರೀ ಬಣ್ಣ, ಬರೀ ಗೆರೆ. ತಂಜಾವೂರಿನ ಹಳೆಯ ಎಷ್ಟೋ ಪಟಗಳಲ್ಲಿ ಮಗು ಕೃಷ್ಣ ನೀಲಿಯಲ್ಲ, ಬೆಳ್ಳಗೆ ಬೆಣ್ಣೆ ಥರ ಇರುತ್ತಾನೆ. ಸುತ್ತ ಅಷ್ಟು ಚಿನ್ನ ಇರುವಾಗ ನಡುವೆ ಆ ಬಿಳಿ ಮೈ ಎದ್ದು ಕಾಣುತ್ತದೆ. ಕಣ್ಣು ಬರೆಯುವುದನ್ನು ಕೊನೆಗೆ ಇಟ್ಟುಕೊಳ್ಳುವುದು ವಾಡಿಕೆ. ಎಲ್ಲ ಮುಗಿದ ಮೇಲೆ ಕಣ್ಣು ಕೆಟ್ಟರೆ ಅಷ್ಟೂ ದಿನದ ಕೆಲಸ ಕೆಟ್ಟಂತೆ. ಚಿನ್ನ ಎಲ್ಲರ ಹತ್ತಿರವೂ ಒಂದೇ. ಕಣ್ಣು ಮಾತ್ರ ಒಬ್ಬೊಬ್ಬರ ಕೈಯಲ್ಲಿ ಒಂದೊಂದು.

ಮೊಬೈಲ್ ಟಾರ್ಚ್ ತಗೊಂಡು ಹೋಗಿ

ಈಗ ಮೋಸದ ವಿಷಯ. ಚನ್ನಗಿರಿಯ ನನ್ನ ಪರಿಚಯದವರೊಬ್ಬರು ಆನ್‌ಲೈನಲ್ಲಿ ಇಂಥದ್ದೊಂದು ತರಿಸಿದ್ದರು. ‘ಒರಿಜಿನಲ್ ಗೋಲ್ಡ್ ಫಾಯಿಲ್’ ಅಂತಿತ್ತು. ಎರಡು ಮಳೆಗಾಲ ಕಳೆಯೋ ಹೊತ್ತಿಗೆ ಕೃಷ್ಣನ ಕಿರೀಟದ ಅಂಚು ಕಪ್ಪಾಗಿ, ಅಲ್ಲಲ್ಲಿ ಹಸಿರು ಹಿಡಿದಿತ್ತು. ಪಾಪ, ಅವರು ‘ದೃಷ್ಟಿ ಆಯ್ತೇನೋ’ ಅಂದುಕೊಂಡು ಅದಕ್ಕೆ ಪೂಜೆಯನ್ನೂ ಮಾಡಿಸಿದರು.

ದೃಷ್ಟಿಯಲ್ಲ, ಅದು ಹಿತ್ತಾಳೆ. ತಾಮ್ರ ಮತ್ತು ಸತುವಿನ ಮಿಶ್ರಣದ ತೆಳು ಹಾಳೆ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಹೊಸತರಲ್ಲಿ ಚಿನ್ನಕ್ಕಿಂತ ಜಾಸ್ತಿ ಹೊಳೆಯುತ್ತದೆ. ಗಾಳಿ, ತೇವ ತಾಗಿದ ಹಾಗೆ ಅಡುಗೆಮನೆಯ ತಾಮ್ರದ ಚೊಂಬಿನಂತೆ ಮಂಕಾಗುತ್ತದೆ. ಚೊಂಬನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬಹುದು, ಯಶೋದೆಯನ್ನು ತಿಕ್ಕಲಾದೀತೇ? ಚಿನ್ನ ಹಾಗೆ ಕಪ್ಪಾಗುವುದಿಲ್ಲ. ನೂರು ವರ್ಷದ ಹಿಂದಿನ ಚಿತ್ರಗಳಲ್ಲಿ ಬಣ್ಣ ಮಾಸಿದರೂ ರೇಕು ಉಳಿದಿರುತ್ತದೆ.

ಹಿತ್ತಾಳೆ ರೇಕು ಬಳಸೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಕಡಿಮೆ ಬೆಲೆಗೆ, ‘ಇದು ಇಮಿಟೇಶನ್’ ಅಂತ ಹೇಳಿ ಮಾರಿದರೆ ಅದೂ ಒಂದು ಮರ್ಯಾದೆಯ ವ್ಯಾಪಾರವೇ. ಚಿನ್ನ ಅಂತ ಹೇಳಿ ಹಿತ್ತಾಳೆ ಕೊಡೋದು ಮೋಸ. ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ: ಕಂಪ್ಯೂಟರಿನಿಂದ ಪ್ರಿಂಟ್ ತೆಗೆದು, ಮೇಲೆ ನಾಲ್ಕು ಕಡೆ ಗೋಲ್ಡನ್ ಪೇಸ್ಟ್ ಹಿಂಡಿ, ನಾಲ್ಕು ಕಲ್ಲು ಅಂಟಿಸಿ, ‘ಹ್ಯಾಂಡ್‌ಮೇಡ್’ ಅಂತ ಮಾರುವುದು. ಕೈಯಿಂದ ಮಾಡಿದ್ದು ನಿಜ, ಅಂಟಿಸಿದ್ದು ಮಾತ್ರ!

ಹಿಡಿಯೋದು ಕಷ್ಟವೇನಲ್ಲ. ಮೊಬೈಲಿನ ಟಾರ್ಚ್ ಹಾಕಿ, ಚಿತ್ರದ ಎದುರಿನಿಂದಲ್ಲ, ಪಕ್ಕದಿಂದ ಬೆಳಕು ಬಿಡಿ. ಎಬ್ಬಿಸಿದ ಕೆಲಸ ಇದ್ದರೆ ಪ್ರತಿ ಗುಂಡಿಗೂ ಸಣ್ಣ ನೆರಳು ಬೀಳುತ್ತದೆ, ಒಂದು ಗುಂಡು ಇನ್ನೊಂದರ ಥರ ಇರುವುದಿಲ್ಲ. ಅಚ್ಚು ಹೊಡೆದ ಹಾಳೆಯಾದರೆ ಎಲ್ಲವೂ ಒಂದೇ ಅಳತೆ. ಆಮೇಲೆ ಕ್ಯಾಮೆರಾ ಝೂಮ್ ಮಾಡಿ ಯಶೋದೆಯ ಕೆನ್ನೆ ನೋಡಿ. ಪ್ರಿಂಟ್ ಆಗಿದ್ದರೆ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಬ್ರಷ್ ಆಗಿದ್ದರೆ ಬಣ್ಣ ನೆರಳಿನ ಕಡೆಗೆ ಹರಿದುಕೊಂಡು ಹೋಗಿರುತ್ತದೆ. ಸೀರೆಯಂಚಿನ ಬುಟ್ಟಾ ಎಣಿಸಿ ನೋಡಿ, ಮನುಷ್ಯರ ಕೈ ಎಲ್ಲೋ ಒಂದು ಕಡೆ ಸೊಟ್ಟ ಹೋಗಿರಲೇಬೇಕು. ಆರ್ಡರ್ ಕೊಟ್ಟು ಮಾಡಿಸುವುದಾದರೆ ಕರಡು ಹಂತದ್ದು, ರೇಕು ಹಾಕುವ ಮೊದಲಿನದ್ದು ಒಂದೊಂದು ಫೋಟೊ ಕಳಿಸಿ ಅಂತ ಕೇಳಿ. ಕೆಲಸ ಗೊತ್ತಿರುವವರು ಖುಷಿಯಿಂದಲೇ ಕಳಿಸುತ್ತಾರೆ. ನುಣುಚಿಕೊಂಡರೆ ನೀವೂ ನುಣುಚಿಕೊಳ್ಳಿ. ಬಿಲ್ಲಿನಲ್ಲಿ ‘ಚಿನ್ನದ ರೇಕು, ಇಷ್ಟು ಕ್ಯಾರೆಟ್’ ಅಂತ ಬರೆಸಿಕೊಳ್ಳಿ. ಬರೀ ‘ಗೋಲ್ಡ್ ವರ್ಕ್’ ಅಂತ ಬರೆದರೆ ಅದಕ್ಕೆ ಯಾವ ಅರ್ಥವೂ ಇಲ್ಲ.

ಎಲ್ಲಿ ಕೊಳ್ಳೋದು? ರಾಜ್ಯ ಸರ್ಕಾರದ ಕರಕುಶಲ ನಿಗಮದ ‘ಕಾವೇರಿ’ ಮಳಿಗೆಗಳಲ್ಲಿ ಮೈಸೂರು ಶೈಲಿಯವು ಸಿಗುತ್ತವೆ. ತಂಜಾವೂರಿನದ್ದು ಬೇಕೆಂದರೆ ತಮಿಳುನಾಡಿನ ‘ಪೂಂಪುಹಾರ್’ ಇದೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಹೋದರೆ ಬರೆದವರ ಹತ್ತಿರವೇ ನಿಂತು ಮಾತಾಡಬಹುದು. ಮಧ್ಯದವರಿಲ್ಲದೆ ಅವರ ಕೈಗೆ ದುಡ್ಡು ಸೇರುವುದು ನನಗೆ ಇಷ್ಟ. ನಮ್ಮ ದಾವಣಗೆರೆಯಲ್ಲೇ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆ ಅನ್ನೋದನ್ನೂ ಮರೆಯಬೇಡಿ. ಎರಡು ಚಿತ್ರಗಳಲ್ಲಿ ಯಾವುದರ ಕೆಲಸ ಚೆನ್ನಾಗಿದೆ ಅಂತ ಗೊತ್ತಾಗದಿದ್ದರೆ ಅಲ್ಲಿ ಓದಿದ ಒಬ್ಬರನ್ನಾದರೂ ಕೇಳಿ. ಗೂಗಲ್ ರಿವ್ಯೂಗಿಂತ ವಾಸಿ.

ಗೋಡೆಗೆ ಹೊಸ ನೆಂಟರು

ನಿಜ ಹೇಳಬೇಕೆಂದರೆ ಯಶೋದೆ-ಕೃಷ್ಣ ನಮ್ಮ ನಾಲ್ಕು ತಾಲ್ಲೂಕುಗಳ ಹಳೇ ಗೋಡೆಗಳಲ್ಲಿ ಮೊದಲಿನಿಂದ ಇದ್ದವರಲ್ಲ. ಚನ್ನಗಿರಿಯಲ್ಲಿ ಬೆಟ್ಟದ ರಂಗನಾಥ ಇದ್ದಾನೆ. ಜಗಳೂರು ಕಡೆ ಕೊಡದಗುಡ್ಡದ ವೀರಭದ್ರ. ನ್ಯಾಮತಿ ಕಡೆ ತೀರ್ಥರಾಮೇಶ್ವರ. ಅದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ, ತಾಂಡಾದ ಮನೆಗಳಲ್ಲಿ ಅವರ ಪಟ. ಬಸವಣ್ಣ, ಮಠದ ಸ್ವಾಮಿಗಳು, ಆಂಜನೇಯ, ಊರಮ್ಮ, ಅವರೆಲ್ಲರ ಜೊತೆಗೆ ತೀರಿಹೋದ ಅಜ್ಜನ ಕಪ್ಪುಬಿಳುಪು ಫೋಟೊ.

ಚಿನ್ನದಂಥ ಹೊಳಪು ಬಂದದ್ದು ಬೇರೆ ದಾರಿಯಲ್ಲಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಹಾಕಿದ ಮೇಲೆ ದೇವರ ಪಟ ಸಾಮಾನ್ಯರ ಮನೆಗೂ ಬಂತು. ಲಕ್ಷ್ಮಿ, ಸರಸ್ವತಿಯರ ಜೊತೆ ಯಶೋದೆ-ಕೃಷ್ಣರೂ ಅಚ್ಚಾದರು. ಆ ಪಟಗಳನ್ನು ದಕ್ಷಿಣದ ಹೆಣ್ಣುಮಕ್ಕಳು ಹಾಗೇ ಬಿಡಲಿಲ್ಲ. ಹಳೇ ಸೀರೆಯ ಜರಿ ಕತ್ತರಿಸಿ ಲಕ್ಷ್ಮಿಯ ಸೆರಗಿಗೆ ಅಂಟಿಸಿದರು, ಕಿರೀಟಕ್ಕೆ ಚಮಕಿ, ಕೊರಳಿಗೆ ಗಾಜಿನ ಮಣಿ. ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಮಾಡಿದ ಕೆಲಸ. ಯಾವ ಅರಮನೆಯ ಆಶ್ರಯವೂ ಇಲ್ಲ, ಸಹಿಯೂ ಇಲ್ಲ. ನಿಮ್ಮ ಅಜ್ಜಿಮನೆ ಅಟ್ಟದಲ್ಲಿ ಗಾಜು ಒಡೆದ ಅಂಥ ಪಟ ಇದ್ದರೆ ಗುಜರಿಗೆ ಹಾಕಬೇಡಿ. ದುಬಾರಿ ತಂಜಾವೂರನ್ನು ಹೊಸದಾಗಿ ಕೊಳ್ಳುವ ಮೊದಲು ಆ ಪಟಕ್ಕೆ ಹೊಸ ಫ್ರೇಮ್ ಹಾಕಿಸಿ ನೋಡಿ. ಮನೆಗೆ ಬಂದವರು ಮೊದಲು ಕೇಳೋದು ಅದರ ಬಗ್ಗೆಯೇ.

ಈಗಿನ ಯಶೋದೆ ಬರುತ್ತಿರುವುದು ಹೆಚ್ಚಾಗಿ ಉಡುಗೊರೆಯಾಗಿ. ಗೃಹಪ್ರವೇಶ, ಸೀಮಂತ, ಮದುವೆ ವಾರ್ಷಿಕೋತ್ಸವ. ಒಂದು ತೊಡಕಿನ ಮಾತು ಹೇಳಬೇಕಿರುವುದು ಇಲ್ಲೇ.

ನ್ಯಾಮತಿ ಕಡೆಯ ನನ್ನ ಗೆಳತಿ ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದಾಳೆ. ಮದುವೆಯಾಗಿ ಆರು ವರ್ಷ. ಹೊಸ ಫ್ಲ್ಯಾಟಿಗೆ ಹೋದಾಗ ನೆಂಟರಿಂದ ಬಂದ ಉಡುಗೊರೆಗಳಲ್ಲಿ ಮೂರು ಯಶೋದೆ-ಕೃಷ್ಣ. ಒಂದು ಕೊಡುವಾಗ ದೊಡ್ಡಮ್ಮ, ‘ದಿನಾ ಬೆಳಗ್ಗೆ ಎದ್ದು ಇದನ್ನೇ ನೋಡಮ್ಮ, ಬರೋ ವರ್ಷ ಇಂಥದ್ದೇ ಗಂಡುಮಗು ಆಗ್ಲಿ’ ಅಂದರಂತೆ. ಹಾಲಿನಲ್ಲಿ ಕೂತಿದ್ದ ಮೂವತ್ತು ಜನರ ಎದುರು. ಅವಳು ನನಗೆ ಹೇಳಿದ್ದು ಇಷ್ಟು: ‘ಚಿತ್ರ ಚೆನ್ನಾಗೇ ಇದೆ ಕಣೇ. ಅದರ ಜೊತೆ ಬರೋ ಮಾತು ಮಾತ್ರ ಬೇಡ.’ ಮೂರೂ ಈಗ ಬೆಡ್‌ಶೀಟ್ ಸುತ್ತಿಕೊಂಡು ಮಂಚದ ಕೆಳಗಿವೆ.

ದೊಡ್ಡಮ್ಮನಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಚಿತ್ರದಲ್ಲಿರೋದು ಯಾರು ಅಂತ ಒಂದು ಕ್ಷಣ ಯೋಚಿಸಿದ್ದರೆ ಆ ಮಾತು ಬರುತ್ತಿರಲಿಲ್ಲವೇನೋ. ಕೃಷ್ಣನನ್ನು ಹೆತ್ತವಳು ದೇವಕಿ, ಸೆರೆಮನೆಯಲ್ಲಿ. ಯಶೋದೆ ಸಾಕಿದವಳು. ನಮ್ಮ ಚಿತ್ರಗಾರರು ಶತಮಾನಗಳಿಂದ ಮಂಟಪ ಕಟ್ಟಿ, ಪ್ರಭಾವಳಿ ಇಟ್ಟು, ಚಿನ್ನ ಹಾಕಿ ಕೂರಿಸಿರುವುದು ಹೆಚ್ಚಾಗಿ ಈ ಎರಡನೆಯವಳನ್ನು. ದೇವಕಿ ಮಗುವನ್ನು ಎತ್ತಿಕೊಂಡಿರುವ ಚಿತ್ರ ಹುಡುಕಿ ನೋಡಿ, ಅಪರೂಪ. ಹಾಡಿನಲ್ಲೂ ಹೀಗೇ. ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನನ್ನು ನೋಡಿ ಪುರಂದರದಾಸರು ‘ಜಗದೋದ್ಧಾರನ’ ರಚಿಸಿದರು ಅನ್ನೋ ನಂಬಿಕೆ ಇದೆ. ಆ ಕೀರ್ತನೆಯಲ್ಲಿ ಮಗುವನ್ನು ಆಡಿಸುವವಳೂ ಯಶೋದೆಯೇ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಆ ಗುಡಿಗೆ ತೊಟ್ಟಿಲು ಒಪ್ಪಿಸುತ್ತಾರೆ.

ಕತೆಯಲ್ಲಿ ಇನ್ನೊಂದು ಮಗುವೂ ಇದೆ. ಆ ರಾತ್ರಿ ಯಶೋದೆಗೆ ಹುಟ್ಟಿದ್ದು ಹೆಣ್ಣುಮಗು. ವಸುದೇವ ಕೃಷ್ಣನನ್ನು ಇಲ್ಲಿಟ್ಟು ಅವಳನ್ನು ಎತ್ತಿಕೊಂಡು ಸೆರೆಮನೆಗೆ ಹೋದ. ಕಂಸ ಬಂಡೆಗೆ ಅಪ್ಪಳಿಸಲು ಎತ್ತಿದ್ದು ಅವಳನ್ನು. ಅವಳು ಅವನ ಕೈಯಿಂದ ಜಾರಿ ದೇವಿಯಾಗಿ ಆಕಾಶಕ್ಕೆ ಹೋದಳು ಅಂತ ಪುರಾಣ ಹೇಳುತ್ತದೆ. ಯಶೋದೆಯ ಮಡಿಲಲ್ಲಿ ಆ ಮಗಳನ್ನು ಕೂರಿಸಿ, ಚಿನ್ನ ಹಾಕಿದ ಒಂದು ಚಿತ್ರವನ್ನೂ ನಾನು ಇಲ್ಲಿಯವರೆಗೆ ನೋಡಿಲ್ಲ. ಯಾರಾದರೂ ಬರೆದರೆ ನಾನು ಕೊಳ್ಳುತ್ತೇನೆ, ಇಎಂಐ ಹಾಕಿಯಾದರೂ ಸರಿ.

ದತ್ತು ತಗೊಂಡ ಮನೆಗೆ ಈ ಚಿತ್ರ ಕೊಡಲು ಜನ ಹಿಂಜರಿಯುತ್ತಾರೆ, ಬೇಜಾರು ಮಾಡಿಕೊಂಡಾರು ಅಂತ. ನನಗೆ ಅದು ಉಲ್ಟಾ ಕಾಣುತ್ತದೆ. ಯಶೋದೆ ಮೊದಲು ಹೋಗಬೇಕಾದದ್ದೇ ಆ ಮನೆಗೆ. ಇನ್ನು ಮಕ್ಕಳ ವಿಷಯ ಏನಾಗಿದೆ ಅಂತ ನಿಮಗೆ ಸರಿಯಾಗಿ ಗೊತ್ತಿಲ್ಲದ ಜೋಡಿಗೆ ಕೊಡುವುದಾದರೆ ಬೇರೆ ವಿಷಯ ಆರಿಸಿಕೊಳ್ಳಿ. ಸರಸ್ವತಿ, ಗಜಲಕ್ಷ್ಮಿ, ಕಾಮಧೇನು, ರಾಮ ಪಟ್ಟಾಭಿಷೇಕ ಎಲ್ಲವೂ ಮೈಸೂರು ಶೈಲಿಯಲ್ಲಿ ಸೊಗಸಾಗಿ ಬರುತ್ತವೆ. ಕೊಟ್ಟು ಸುಮ್ಮನೆ ಊಟಕ್ಕೆ ಕೂತರೆ ಇನ್ನೂ ಒಳ್ಳೇದು.

ನ್ಯಾಮತಿಯ ಮಳೆ, ಜಗಳೂರಿನ ದೂಳು

ತಂಗಿ ಕೊನೆಗೆ ಒಂದು ಮೈಸೂರು ಚಿತ್ರವನ್ನೇ ಕೊಂಡಳು. ಅದನ್ನು ಬಸ್ಸಿನಲ್ಲಿ ಹೊನ್ನಾಳಿಗೆ ತರುವುದೇ ಒಂದು ಸಾಹಸ ಆಯಿತು. ಡಿಕ್ಕಿಗೆ ಹಾಕಬೇಡಿ ಅಂತ ನಾನು ಮೊದಲೇ ಹೇಳಿದ್ದೆ, ಸಾಮಾನು ಮೇಲೆ ಬಿದ್ದರೆ ಗಾಜು ಒಡೆದು ಚಿತ್ರಕ್ಕೇ ಚುಚ್ಚುತ್ತದೆ. ನಿಲ್ಲಿಸಿಕೊಂಡು, ಕಾಲಿನ ನಡುವೆ ಹಿಡಿದು ತಂದಳು.

ತಂದ ಮೇಲೆ ಎಲ್ಲಿ ಹಾಕೋದು ಅನ್ನೋದಕ್ಕೆ ವಾಸ್ತುವಿನವರು ದಿಕ್ಕು ಹೇಳುತ್ತಾರೆ. ನಾನು ಹವೆ ಹೇಳುತ್ತೇನೆ. ಒಂದೇ ಜಿಲ್ಲೆಯಾದರೂ ನಾಲ್ಕು ಊರಿನ ಹವೆ ಒಂದಲ್ಲ. ನ್ಯಾಮತಿ, ಚನ್ನಗಿರಿ ಮಲೆನಾಡಿನ ಅಂಚು. ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಮಳೆಗಾಲದಲ್ಲಿ ಹೊರಗೋಡೆ ಬೆವರುತ್ತದೆ. ಹೊನ್ನಾಳಿ ತುಂಗಭದ್ರೆಯ ದಡದಲ್ಲಿದೆ. ಅಲ್ಲಿನ ದೊಡ್ಡ ಶತ್ರು ತೇವ, ಬೂಸ್ಟು, ಗೆದ್ದಲು. ಪ್ಲೈವುಡ್, ಕಾಗದ, ಗೋಂದು ಎಲ್ಲವೂ ಹುಳುಗಳಿಗೆ ಹಬ್ಬದೂಟ. ಹೊರಗೋಡೆಗೆ ತಗಲುಹಾಕಬೇಡಿ, ಬಾತ್‌ರೂಮಿನ ಬೆನ್ನಿನ ಗೋಡೆಗಂತೂ ಬೇಡವೇ ಬೇಡ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬೆಂಡಿನ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಜಗಳೂರಿನಲ್ಲಿ ಮಳೆಯೇ ಕಡಿಮೆ, ಅಲ್ಲಿ ದೂಳು ಮತ್ತು ಬಿಸಿಲಿನ ಕಾಟ. ಕಿಟಕಿಯ ನೇರ ಬಿಸಿಲು ಬೀಳುವ ಗೋಡೆ ಬಿಟ್ಟುಬಿಡಿ; ಬಣ್ಣ ಮಾಸುತ್ತದೆ, ತಳ ಒಣಗಿ ಬಿರುಕು ಬಿಡುತ್ತದೆ.

ಗಾಜು ಇರಲೇಬೇಕು, ಆದರೆ ಎಬ್ಬಿಸಿದ ಚಿನ್ನಕ್ಕೆ ತಾಗಬಾರದು. ಫ್ರೇಮ್ ಅಂಗಡಿಯಲ್ಲಿ ನಡುವೆ ಪಟ್ಟಿ ಕೊಟ್ಟು ಅಂತರ ಬಿಡಿಸಿ. ಒರೆಸುವುದು ಗಾಜನ್ನು ಮಾತ್ರ, ಅದೂ ದ್ರಾವಣವನ್ನು ಬಟ್ಟೆಗೆ ಹಾಕಿಕೊಂಡು, ಗಾಜಿನ ಮೇಲೆ ಸ್ಪ್ರೇ ಮಾಡಿಯಲ್ಲ. ದೀಪ, ಊದುಬತ್ತಿ ಕೆಳಗೇ ಹಚ್ಚಿದರೆ ಮಸಿ ಏರುತ್ತದೆ. ಒಂದೆರಡು ಅಡಿ ಪಕ್ಕಕ್ಕೆ ಇಡಿ. ಕುಂಕುಮವನ್ನು ನೇರ ಚಿತ್ರಕ್ಕೆ ಇಡುವ ಅಭ್ಯಾಸ ಇದ್ದರೆ ಗಾಜಿನ ಮೇಲಿಡಿ, ದೇವರು ಬೇಡ ಅನ್ನಲ್ಲ.

ಹಳೆಯ ಚಿತ್ರದಲ್ಲಿ ರೇಕು ಏಳುತ್ತಿದ್ದರೆ, ಬಣ್ಣ ಸಿಪ್ಪೆ ಬಿಡುತ್ತಿದ್ದರೆ ಫೆವಿಕಾಲ್ ಹಚ್ಚಬೇಡಿ, ಅಂಗಡಿಯ ಗೋಲ್ಡನ್ ಪೇಂಟ್ ಬಳಿಯಬೇಡಿ. ಮಲಗಿಸಿ, ಉದುರಿದ ಚೂರುಗಳಿದ್ದರೆ ಒಂದು ಕವರಿನಲ್ಲಿ ಎತ್ತಿಟ್ಟು, ಸಂರಕ್ಷಣೆ ಗೊತ್ತಿರುವವರಿಗೆ ತೋರಿಸಿ. ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ. ಹೋಗುವ ಮೊದಲು ಫೋಟೊ ಕಳಿಸಿ ವಿಚಾರಿಸಿ, ಮತ್ತೆ ಬಸ್ಸಿನಲ್ಲಿ ಕಾಲಿನ ನಡುವೆ ಹಿಡಿದು ಕೂರುವ ಕಷ್ಟ ತಪ್ಪಿದರೂ ತಪ್ಪೀತು.